ಶನಿವಾರದ ಎಂಬಿಎ ಮತ್ತು ತಮ್ಮನ ಸಿಟ್ಟು

ಕಳೆದ ದೀಪಾವಳಿಗೆ ಅರಸೀಕೆರೆ ಹತ್ತಿರದ ನಮ್ಮೂರಿಗೆ ಹೋಗಿದ್ದೆ. ಚಿಕ್ಕಪ್ಪನ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ವಿ. ಚಿಕ್ಕಮ್ಮ ನನ್ನ ಎಲೆಗೆ ಎರಡನೇ ಒಬ್ಬಟ್ಟು ಹಾಕುತ್ತಾ, "ಈಗ ಇಬ್ರೂ ಒಂದೇ ಕಾಲೇಜಂತಲ್ಲಪ್ಪ, ಒಳ್ಳೇದಾಯ್ತು. ಇವನನ್ನ ಸ್ವಲ್ಪ ನೋಡ್ಕೋ" ಅಂದರು. ಚಿಕ್ಕಪ್ಪನ ಮಗ ತಲೆ ಎತ್ತದೆ, "ಒಂದೇ ಕಾಲೇಜಲ್ಲಮ್ಮ. ಅಣ್ಣಂದು ವೀಕೆಂಡ್ ಬ್ಯಾಚು" ಅಂದ. ಅಷ್ಟಕ್ಕೇ ಬಿಟ್ಟಿದ್ದರೆ ಸರಿ ಇತ್ತು. ಕೈ ತೊಳೆಯಲು ಹಿತ್ತಲಿಗೆ ಹೋದಾಗ ಮೆತ್ತಗೆ ಇನ್ನೊಂದು ಮಾತು ಸೇರಿಸಿದ: "ಬೇಜಾರು ಮಾಡ್ಕೋಬೇಡ ಅಣ್ಣ. ನಿಮ್ಮ ಬ್ಯಾಚುಗಳಿಂದ್ಲೇ ನಮ್ಮ ಕಾಲೇಜಿನ ಹೆಸರು ಕೆಡ್ತಿರೋದು."

ಬೇಜಾರಾಯ್ತು. ಬೆಂಗಳೂರಿಗೆ ವಾಪಸ್ ಬರೋ ದಾರಿಯುದ್ದಕ್ಕೂ ಅದೇ ತಲೆಯಲ್ಲಿ. ಹೆಂಡತಿ "ಹುಡುಗ ಏನೋ ಅಂದ, ಬಿಡಿ" ಅಂದಳು. ಆದರೆ ಬಿಡೋದು ಕಷ್ಟವಾಗಿದ್ದು, ಅವನ ಮಾತಿನಲ್ಲಿ ಎಷ್ಟು ನಿಜ ಇದೆ ಅನ್ನೋದು ನನಗೂ ಒಳಗೊಳಗೇ ಗೊತ್ತಿದ್ದದ್ದರಿಂದ.

ನಮ್ಮಿಬ್ಬರ ಲೆಕ್ಕ ಮೊದಲು ಹೇಳಿಬಿಡುತ್ತೇನೆ. ಅವನು ಎಂಜಿನಿಯರಿಂಗ್ ಮುಗಿಸಿ ಎರಡು ವರ್ಷ ಕೆಲಸ ಮಾಡಿದ. ಎರಡು ಸಲ ಕ್ಯಾಟ್ ಬರೆದ. ಇದ್ದ ಕೆಲಸ ಬಿಟ್ಟು ಹಾಸ್ಟೆಲ್ ಸೇರಿದ. 14 ಲಕ್ಷ ಸಾಲ. 7.5 ಲಕ್ಷ ದಾಟಿದ ಶಿಕ್ಷಣ ಸಾಲಕ್ಕೆ ಬ್ಯಾಂಕಿನವರು ಸಾಮಾನ್ಯವಾಗಿ ಆಧಾರ ಕೇಳುತ್ತಾರೆ. ಚಿಕ್ಕಪ್ಪ ಪೇಟೆಯಲ್ಲಿದ್ದ ಒಂದೇ ಒಂದು ಸೈಟನ್ನು ಅಡ ಇಟ್ಟಿದ್ದಾರೆ. ನಾನೋ, ಏಳು ವರ್ಷದಿಂದ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಮುಂದೆ ಮ್ಯಾನೇಜರ್ ಆಗಬೇಕಾದರೆ ಎಂಬಿಎ ಇದ್ದರೆ ಒಳ್ಳೆಯದು ಅಂತ ಬಾಸ್ ಹೇಳಿದರು, ಕಂಪನಿ ಅರ್ಧ ಫೀಸು ಕೊಡುತ್ತೇನೆಂದಿತು. ಕಾಲೇಜಿನವರದ್ದೇ ಒಂದು ಗಂಟೆಯ ಪರೀಕ್ಷೆ, ನಲವತ್ತು ನಿಮಿಷದ ಸಂದರ್ಶನ. ಮುಗೀತು. ಸಂಬಳ ನಿಲ್ಲಲಿಲ್ಲ, ಮನೆ ಬದಲಾಯಿಸಲಿಲ್ಲ, ಶುಕ್ರವಾರ ಸಂಜೆ ಮತ್ತು ಶನಿವಾರ ಮಾತ್ರ ಹೋಯಿತು. ಕೊನೆಗೆ ಇಬ್ಬರಿಗೂ ಸಿಗೋದು ಒಂದೇ ಹೆಸರಿನ ಕಾಗದ. ಅವನ ಜಾಗದಲ್ಲಿ ನಾನಿದ್ದರೂ ಹಿತ್ತಲಲ್ಲಿ ಅದೇ ಮಾತಾಡುತ್ತಿದ್ದೆನೇನೋ.

(ಕಾಲೇಜಿನ ಹೆಸರು ಇಲ್ಲಿ ಬೇಡ. ಅದು ಐಐಎಂ ಅಲ್ಲ, ಆದರೆ ಬೆಂಗಳೂರಿನಲ್ಲಿ ಕೇಳಿದರೆ ಜನ "ಓ, ಅಲ್ಲಾ?" ಅನ್ನೋವಷ್ಟು ಹೆಸರಿದೆ.)

ಹಾಗಂತ ಪಾರ್ಟ್‌ಟೈಮ್ ಎಂಬಿಎ ಅನ್ನೋದು ನಿನ್ನೆ ಮೊನ್ನೆ ದುಡ್ಡಿಗೋಸ್ಕರ ಹುಟ್ಟಿಕೊಂಡಿದ್ದೇನಲ್ಲ. ಅಮೆರಿಕದ ಶಿಕಾಗೋ ವಿಶ್ವವಿದ್ಯಾಲಯ ಕೆಲಸದಲ್ಲಿದ್ದ ಅಧಿಕಾರಿಗಳಿಗಾಗಿ ಎಕ್ಸಿಕ್ಯೂಟಿವ್ ಎಂಬಿಎ ಶುರು ಮಾಡಿದ್ದು 1943ರಲ್ಲಿ, ಎರಡನೇ ಮಹಾಯುದ್ಧ ನಡೀತಿದ್ದಾಗ. ಇವತ್ತಿಗೂ ಅಲ್ಲಿನ ಬೂತ್ ಸ್ಕೂಲಿನಲ್ಲಿ ಸಂಜೆ ಬ್ಯಾಚು, ವಾರಾಂತ್ಯದ ಬ್ಯಾಚು ನಡೆಯುತ್ತವೆ. ಪಾಠ ಮಾಡುವವರು ಫುಲ್‌ಟೈಮ್‌ನವರಿಗೆ ಮಾಡುವ ಅದೇ ಪ್ರೊಫೆಸರುಗಳು, ಸಿಗುವುದು ಅದೇ ಪದವಿ. ಅದರಿಂದ ಬೂತ್‌ನ ಹೆಸರೇನೂ ಕೆಟ್ಟಿಲ್ಲ. ಇನ್ನೊಂದು ಕಡೆ ಹಾರ್ವರ್ಡ್ ಮತ್ತು ಸ್ಟ್ಯಾನ್‌ಫರ್ಡ್ ಪಾರ್ಟ್‌ಟೈಮ್ ಎಂಬಿಎ ಕೊಡುವುದೇ ಇಲ್ಲ. ಎರಡೂ ಥರದವರು ದೊಡ್ಡ ಹೆಸರಿನವರೇ.

ನಮ್ಮೂರಿನ ಕಥೆ ಇನ್ನೂ ಹತ್ತಿರದ್ದು. ಬನ್ನೇರುಘಟ್ಟ ರಸ್ತೆಯ ಐಐಎಂ ಬೆಂಗಳೂರು ಶುರುವಾಗಿದ್ದು 1973ರಲ್ಲಿ. 1998ರಲ್ಲಿ ಅವರು ಸಾಫ್ಟ್‌ವೇರ್ ಕಂಪನಿಗಳಲ್ಲಿ ಕೆಲಸ ಮಾಡುವವರಿಗೆ ಅಂತಲೇ ಒಂದು ವಾರಾಂತ್ಯದ ಕೋರ್ಸು ತೆಗೆದರು. ಪಿಜಿಎಸ್‌ಇಎಂ ಅಂತ ಕರೀತಿದ್ರು. ಎಲೆಕ್ಟ್ರಾನಿಕ್ ಸಿಟಿಯಿಂದಲೂ ಕೋರಮಂಗಲದಿಂದಲೂ ಎಂಜಿನಿಯರುಗಳು ಆ ಕಲ್ಲಿನ ಕಟ್ಟಡಗಳಿಗೆ ವಾರಾಂತ್ಯದಲ್ಲಿ ಹೋಗಿ ಓದಿ ಬರುತ್ತಿದ್ದರು. ಕೋಡ್ ಬರೆಯೋಕೆ ಬರುವವರು ಊರು ತುಂಬ ಇದ್ದರು, ನೂರು ಜನರ ತಂಡ ನಡೆಸೋಕೆ ಬರುವವರು ಕಡಿಮೆ ಇದ್ದರು. ಆ ಕೊರತೆಗೆ ಬಂದ ಕೋರ್ಸದು. ಮುಂದೆ ಬೇರೆ ಉದ್ಯಮದವರಿಗೂ ತೆರೆದು ಪಿಜಿಪಿಇಎಂ ಅಂತ ಹೆಸರು ಬದಲಾಯಿಸಿದರು. ನಮ್ಮ ಕಾಲೇಜು ಸೇರಿದಂತೆ ಬೆಂಗಳೂರಿನ ಎಷ್ಟೋ ವೀಕೆಂಡ್ ಕೋರ್ಸುಗಳು ಆ ಹಾದಿಯನ್ನೇ ನೋಡಿಕೊಂಡು ಬಂದವು.

ಪೀಣ್ಯದ ಲಾರಿ

ನಮ್ಮ ಕಾಲೇಜಿನಲ್ಲಿ ಎರಡು ಐಚ್ಛಿಕ ವಿಷಯಗಳಿಗೆ ಫುಲ್‌ಟೈಮ್‌ನವರನ್ನೂ ವೀಕೆಂಡ್‌ನವರನ್ನೂ ಒಟ್ಟಿಗೆ ಕೂರಿಸುತ್ತಾರೆ. ಅಂಥ ಒಂದು ಶನಿವಾರ, ಆಪರೇಷನ್ಸ್ ಕ್ಲಾಸು. ಒಂದು ಸಲಕ್ಕೆ ಎಷ್ಟು ಸರಕು ತರಿಸಿದರೆ ಖರ್ಚು ಕಡಿಮೆ ಬೀಳುತ್ತೆ ಅನ್ನೋ ಹಳೇ ಸೂತ್ರ ಇದೆಯಲ್ಲ, 1913ರಲ್ಲಿ ಬಂದದ್ದು, ಅದನ್ನು ಮೇಷ್ಟ್ರು ಬೋರ್ಡ್ ಮೇಲೆ ಬಿಡಿಸಿದರು. ಫುಲ್‌ಟೈಮ್ ಹುಡುಗರು ಕ್ಷಣದಲ್ಲಿ ಉತ್ತರ ತೆಗೆದರು. ಹಿಂದಿನ ಬೆಂಚಿನಲ್ಲಿ ಪೀಣ್ಯದ ಕಾರ್ಖಾನೆಯೊಂದರ ಸ್ಟೋರ್ಸ್ ನೋಡಿಕೊಳ್ಳುವ ನಮ್ಮ ಬ್ಯಾಚಿನವರೊಬ್ಬರು ಕೈ ಎತ್ತಿ, "ಸರ್, ಈ ಲೆಕ್ಕದ ಪ್ರಕಾರ ಮುಕ್ಕಾಲು ಲಾರಿ ಬರುತ್ತೆ. ಹೊಸೂರಿನಿಂದ ಮುಕ್ಕಾಲು ಲಾರಿ ಯಾರೂ ಕಳಿಸಲ್ಲ. ಲೋಡ್ ತುಂಬೋವರೆಗೂ ಕಾಯ್ತಾರೆ. ಅಷ್ಟರಲ್ಲಿ ನನ್ನ ಲೈನ್ ನಿಂತಿರುತ್ತೆ" ಅಂದರು. ಕ್ಲಾಸು ಒಂದು ಕ್ಷಣ ಸುಮ್ಮನಾಯಿತು. ಆಮೇಲೆ ಮುಕ್ಕಾಲು ಗಂಟೆ ಬರೀ ಆ ಲಾರಿ ಮೇಲೇ ಚರ್ಚೆ. ಡ್ರೈವರಿನ ಬಾಟಾ, ವಾಪಸ್ ಖಾಲಿ ಬರುವ ಗಾಡಿ, ಗೋಡೌನಿನ ಬಾಡಿಗೆ, ಎಲ್ಲ ಬಂತು. ನನ್ನ ತಮ್ಮ ಆ ದಿನ ಮುಂದಿನ ಸಾಲಿನಲ್ಲಿದ್ದ. ರಾತ್ರಿ ಫೋನ್ ಮಾಡಿ "ಆ ಪೀಣ್ಯದವರ ನಂಬರ್ ಕೊಡಣ್ಣ" ಅಂದ. ಅವರ ಕಾರ್ಖಾನೆಯಲ್ಲೇ ತನ್ನ ಪ್ರಾಜೆಕ್ಟ್ ಮಾಡಿದ.

ಅದಾದ ಎರಡು ವಾರಕ್ಕೆ ನಡೆದದ್ದನ್ನೂ ಹೇಳಲೇಬೇಕು. ಇನ್ನೊಂದು ವಿಷಯದಲ್ಲಿ ಗುಂಪು ಕೆಲಸ ಕೊಟ್ಟರು. ಇಬ್ಬರು ಫುಲ್‌ಟೈಮ್ ಹುಡುಗಿಯರು, ಒಬ್ಬ ಫುಲ್‌ಟೈಮ್ ಹುಡುಗ, ನಾನು. ಆ ವಾರ ನನ್ನ ಆಫೀಸಿನಲ್ಲಿ ರಿಲೀಸ್ ಇತ್ತು. ಗುರುವಾರ ರಾತ್ರಿ ಹನ್ನೊಂದಕ್ಕೆ ಅವರು ಮೀಟಿಂಗ್ ಕರೆದಾಗ ನಾನು ಪ್ರೊಡಕ್ಷನ್ ಕಾಲ್‌ನಲ್ಲಿದ್ದೆ. ಕೇಸು ಓದಿದ್ದು ಶುಕ್ರವಾರ, ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಕ್ಯಾಬ್‌ನಲ್ಲಿ ಕೂತು. ನನ್ನ ಪಾಲಿನ ಸ್ಲೈಡುಗಳನ್ನು ಆ ಹುಡುಗಿಯರಲ್ಲಿ ಒಬ್ಬಳು ಮಾಡಿದಳು. ನನ್ನ ಹೆಸರು ಮೇಲಿತ್ತು, ಅಂಕ ಎಲ್ಲರಿಗೂ ಸಮ. ಅವಳು ಏನೂ ಅನ್ನಲಿಲ್ಲ. ಅವಳಿಗೆ ಆ ಅಂಕದ ಮೇಲೆ ಪ್ಲೇಸ್‌ಮೆಂಟ್ ನಿಂತಿದೆ, ನನಗೆ ನಿಂತಿಲ್ಲ.

ಫುಲ್‌ಟೈಮ್‌ನವರಿಗೆ ಆಗುವ ನಷ್ಟ ಅಂದರೆ ಹೆಚ್ಚಾಗಿ ಈ ಥರದ್ದು, ಸಣ್ಣ ಸಣ್ಣದು, ಯಾವ ವರದಿಯಲ್ಲೂ ಬರದೇ ಇರೋದು. ಮೇಷ್ಟ್ರ ಸಮಯದ್ದೂ ಅದೇ ಕಥೆ. ವಾರಪೂರ್ತಿ ಪಾಠ ಮಾಡಿ ಶುಕ್ರವಾರ ಸಂಜೆ, ಶನಿವಾರ ಇಡೀ ದಿನ ನಮಗೆ ಪಾಠ ಮಾಡುವ ಪ್ರೊಫೆಸರು ಸೋಮವಾರ ಹುಡುಗರ ಪ್ರಾಜೆಕ್ಟ್ ನೋಡೋಕೆ ಎಲ್ಲಿಂದ ಹುರುಪು ತರಬೇಕು? ವೀಕೆಂಡ್ ಪಾಠಕ್ಕೆ ಅವರಿಗೆ ಬೇರೆ ಸಂಭಾವನೆ ಇದೆ, ಪ್ರಾಜೆಕ್ಟ್ ತಿದ್ದೋಕೆ ಇಲ್ಲ. ತಮ್ಮನ ಗೈಡು ಮೂರು ವಾರ ಸಿಗಲೇ ಇಲ್ಲವಂತೆ. ನಮಗೆ ಮಾತ್ರ ಪ್ರತಿ ಶನಿವಾರ ಸಿಗುತ್ತಿದ್ದರು.

ಯಾರ ದುಡ್ಡು ಯಾರಿಗೆ?

ಆದರೆ ತಮ್ಮನಿಗೆ ಗೊತ್ತಿರದ ಒಂದು ಲೆಕ್ಕವೂ ಇದೆ. ಶನಿವಾರ ಆ ಕಟ್ಟಡ ಹೇಗಿದ್ದರೂ ಖಾಲಿ ಇರುತ್ತದೆ. ನಮಗೆ ಹಾಸ್ಟೆಲ್ ಬೇಡ, ಪ್ಲೇಸ್‌ಮೆಂಟ್ ಬೇಡ, ಸ್ಕಾಲರ್‌ಶಿಪ್ ಅಂತೂ ಯಾರೂ ಕೊಡಲ್ಲ. ಫೀಸು ಮಾತ್ರ ಪೂರ್ತಿ. ಮ್ಯಾನೇಜ್‌ಮೆಂಟ್ ಶಾಲೆಗಳ ಮಟ್ಟಿಗೆ ಪಾರ್ಟ್‌ಟೈಮ್ ಕೋರ್ಸು ಅಂದರೆ ಕರೆಯೋ ಹಸು.

ಅಮೆರಿಕದಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ ಯುಎಸ್ ನ್ಯೂಸ್ ಪತ್ರಿಕೆ ಫುಲ್‌ಟೈಮ್ ಎಂಬಿಎಗೆ ಬೇರೆ ರ‍್ಯಾಂಕಿಂಗು, ಪಾರ್ಟ್‌ಟೈಮ್‌ಗೆ ಬೇರೆ ರ‍್ಯಾಂಕಿಂಗು ಕೊಡುತ್ತದೆ. ಜನರ ಕಣ್ಣಿಗೆ ಬೀಳೋದು ಫುಲ್‌ಟೈಮ್‌ನದ್ದೇ. ಅದರಲ್ಲಿ ಮೇಲೇರಬೇಕು ಅಂದರೆ ಜಿಮ್ಯಾಟ್‌ನಲ್ಲಿ ಒಳ್ಳೇ ಅಂಕ ತೆಗೆದವರು ಬರಬೇಕು. ಅವರನ್ನು ಎಳೆಯೋಕೆ ಸ್ಕಾಲರ್‌ಶಿಪ್ ಕೊಡಬೇಕು. ಆ ದುಡ್ಡಿನ ಒಂದು ಪಾಲು ಸಂಜೆ ಬ್ಯಾಚಿನವರ ಫೀಸಿನಿಂದ ಬರುತ್ತದೆ. ಜಿಮ್ಯಾಟ್ ಸ್ವಲ್ಪ ಕಡಿಮೆ ಇರುವವರು ಪಾರ್ಟ್‌ಟೈಮ್‌ಗೆ ಸೇರಿದರೆ ಫುಲ್‌ಟೈಮ್‌ನ ಸರಾಸರಿ ಕೆಡುವುದೂ ಇಲ್ಲ. ಅಲ್ಲಿಗೆ, ಕೆಲಸ ಮಾಡುತ್ತಾ ಓದುವವನು ಕೆಲಸ ಬಿಟ್ಟು ಓದುವವನನ್ನು ಸಾಕುತ್ತಿರುತ್ತಾನೆ, ಮೇಲಿಂದ "ನಿನ್ನಿಂದ ನಮ್ಮ ಹೆಸರು ಹಾಳು" ಅಂತ ಅನ್ನಿಸಿಕೊಳ್ಳುತ್ತಾನೆ.

ಕೆಲವು ಕಡೆ ಈ ಲೆಕ್ಕ ತಲೆಕೆಳಗಾಗಿ ಫುಲ್‌ಟೈಮೇ ಮುಚ್ಚಿಹೋಯಿತು. ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯ 2014ರಲ್ಲಿ, ಐಯೊವಾ ವಿಶ್ವವಿದ್ಯಾಲಯದ ಟಿಪ್ಪಿ ಕಾಲೇಜು 2017ರಲ್ಲಿ, ಇಲಿನಾಯ್ ವಿಶ್ವವಿದ್ಯಾಲಯ 2019ರಲ್ಲಿ ಫುಲ್‌ಟೈಮ್ ಎಂಬಿಎ ನಿಲ್ಲಿಸುವುದಾಗಿ ಘೋಷಿಸಿದವು. ಇಲಿನಾಯ್‌ನವರು ಅದಕ್ಕೆ ಮುಂಚೆಯೇ, 2016ರಲ್ಲಿ, ಸುಮಾರು 22 ಸಾವಿರ ಡಾಲರಿಗೆ ಆನ್‌ಲೈನ್ ಎಂಬಿಎ ಶುರು ಮಾಡಿದ್ದರು. ಜನ ಅದಕ್ಕೆ ಮುಗಿಬಿದ್ದರು.

ಅಮೆರಿಕದಲ್ಲಿರುವ ನಮ್ಮ ಹುಡುಗರಿಗೂ ಇದಕ್ಕೂ ಸಂಬಂಧ ಇದೆ. ಎಚ್-1ಬಿ ವೀಸಾದಲ್ಲಿ ಇರುವವರು ಕೆಲಸ ಉಳಿಸಿಕೊಂಡು ಸಂಜೆ ಓದಬಹುದು. ಕೆಲಸ ಬಿಟ್ಟು ಫುಲ್‌ಟೈಮ್ ಸೇರಬೇಕಾದರೆ ವಿದ್ಯಾರ್ಥಿ ವೀಸಾಗೆ ಬದಲಾಗಬೇಕು, ಓದು ಮುಗಿದ ಮೇಲೆ ಮತ್ತೆ ಕಂಪನಿ ಹುಡುಕಬೇಕು. ನನ್ನ ಹಳೇ ಸಹೋದ್ಯೋಗಿಯೊಬ್ಬ, ಮಂಡ್ಯದವನು, ಈಗ ಅಲ್ಲಿ ಸಂಜೆ ಬ್ಯಾಚಿನಲ್ಲಿದ್ದಾನೆ. "ಕ್ಲಾಸು ಮುಗಿಸಿ ಟ್ರೈನ್ ಹತ್ತೋದು ರಾತ್ರಿ ಹತ್ತಕ್ಕೆ ಕಣೋ. ಫುಲ್‌ಟೈಮ್‌ನೋರು ಆಗ ಪಾರ್ಟಿಗೆ ಹೊರಡ್ತಿರ್ತಾರೆ" ಅಂತ ನಗುತ್ತಾನೆ. ಅವನಿಗೆ ಬೇರೆ ದಾರಿಯೇ ಇರಲಿಲ್ಲ.

ಹೆಸರು ನಿಜವಾಗಿ ಕೆಟ್ಟ ಒಂದು ಪ್ರಕರಣ

ತಮ್ಮ ಹೇಳಿದ "ಹೆಸರು ಕೆಡೋದು" ಅಕ್ಷರಶಃ ನಡೆದ ಒಂದು ಕಡೆ ಇದೆ: ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದ ಫಾಕ್ಸ್ ಸ್ಕೂಲ್. ಕೆಲಸದಲ್ಲಿರುವವರೇ ಹೆಚ್ಚಾಗಿ ಓದುವ ಅದರ ಆನ್‌ಲೈನ್ ಎಂಬಿಎಗೆ ಯುಎಸ್ ನ್ಯೂಸ್ ಪಟ್ಟಿಯಲ್ಲಿ ಸತತ ನಾಲ್ಕು ವರ್ಷ ಒಂದನೇ ಸ್ಥಾನ. ಪಾರ್ಟ್‌ಟೈಮ್ ಎಂಬಿಎ 2014ರಲ್ಲಿ 53ನೇ ಸ್ಥಾನದಲ್ಲಿದ್ದದ್ದು 2017ಕ್ಕೆ 7ಕ್ಕೆ ಬಂತು. 2018ರಲ್ಲಿ ಗುಟ್ಟು ಹೊರಬಿತ್ತು. ಹೊಸದಾಗಿ ಸೇರಿದ 255 ಜನರೂ ಜಿಮ್ಯಾಟ್ ಅಂಕ ಕೊಟ್ಟಿದ್ದಾರೆ ಅಂತ ಪತ್ರಿಕೆಗೆ ಬರೆದು ಕಳಿಸಿದ್ದರು. ನಿಜವಾಗಿ ಕೊಟ್ಟವರು 50 ಜನ. ಡೀನ್ ಮೋಶೆ ಪೊರಾಟ್ ಕುರ್ಚಿ ಬಿಡಬೇಕಾಯಿತು. 2021ರಲ್ಲಿ ವಂಚನೆ ಕೇಸಿನಲ್ಲಿ ತಪ್ಪಿತಸ್ಥ ಅಂತ ತೀರ್ಮಾನವಾಗಿ, 2022ರಲ್ಲಿ 14 ತಿಂಗಳ ಜೈಲು ಶಿಕ್ಷೆಯಾಯಿತು.

ನನ್ನ ಗಮನ ಸೆಳೆದದ್ದು ಜೈಲಲ್ಲ, ಪರಿಹಾರದ ಹಣ. ವಿಶ್ವವಿದ್ಯಾಲಯ ವಿದ್ಯಾರ್ಥಿಗಳಿಗೆ ಸುಮಾರು 55 ಲಕ್ಷ ಡಾಲರು ಕೊಡಲು ಒಪ್ಪಿತು. ಅದರಲ್ಲಿ 40 ಲಕ್ಷ ಆನ್‌ಲೈನ್ ಎಂಬಿಎಯವರಿಗೆ, ಉಳಿದದ್ದು ಅದೇ ಸ್ಕೂಲಿನ ಬೇರೆ ಕೋರ್ಸುಗಳವರಿಗೆ. ಒಂದು ಕೋರ್ಸಿನ ಬಾಗಿಲಲ್ಲಿ ಹೇಳಿದ ಸುಳ್ಳು ಪಕ್ಕದ ತರಗತಿಯವರ ಪದವಿಗೂ ಅಂಟಿಕೊಂಡಿತು. ಅಲ್ಲಿ ಓದಿದವರೇನೂ ದಡ್ಡರಾಗಿರಲಿಲ್ಲ, ಪಾಠವೂ ಕೆಟ್ಟದ್ದಾಗಿರಲಿಲ್ಲವೇನೋ. ಯಾರನ್ನು ಹೇಗೆ ಒಳಗೆ ಬಿಟ್ಟುಕೊಂಡೆವು ಅನ್ನೋದರ ಬಗ್ಗೆ ಸುಳ್ಳು ಹೇಳಿದ್ದರು, ಅಷ್ಟೇ.

ಅದನ್ನು ಓದಿದ ಮೇಲೆ ತಮ್ಮನ ಸಿಟ್ಟಿನಲ್ಲಿ ಯಾವುದು ಸರಿ, ಯಾವುದು ಸರಿಯಲ್ಲ ಅಂತ ನನಗೆ ಸ್ವಲ್ಪ ಬಿಡಿಸಿಕೊಂಡಿತು. ನಾನು ಶನಿವಾರ ಮಾತ್ರ ಬರುತ್ತೇನೆ ಅನ್ನೋದು ಅವನ ಪದವಿಗೆ ಏನೂ ಮಾಡಲ್ಲ. ಅವನು ಎರಡು ವರ್ಷ ಗುದ್ದಾಡಿ ದಾಟಿದ ಹೊಸ್ತಿಲನ್ನು ನಾನು ಒಂದು ಗಂಟೆಯಲ್ಲಿ ದಾಟಿ, ಹೊರಗೆ ಇಬ್ಬರೂ ಒಂದೇ ಬೋರ್ಡ್ ಹಾಕಿಕೊಂಡರೆ, ಅವನಿಗೆ ಆಗುವ ನಷ್ಟ ನಿಜವಾದದ್ದು. ಇಂಟರ್‌ವ್ಯೂನಲ್ಲಿ ಕೂತವರಿಗೆ ಕ್ಯಾಟ್ ಪರ್ಸೆಂಟೈಲ್ ನೋಡಿ ಕಾಲೇಜನ್ನು ನಂಬುವ ಅಭ್ಯಾಸ. ಆ ನಂಬಿಕೆ ಸಡಿಲವಾದರೆ ಮೊದಲು ಪೆಟ್ಟು ಬೀಳೋದು ಕೈಯಲ್ಲಿ ಕೆಲಸ ಇಲ್ಲದವನಿಗೆ.

ನಮ್ಮ ದೇಶದಲ್ಲಿ ಇದಕ್ಕಿಂತ ದೊಡ್ಡ ಹೊಸ್ತಿಲು ಸಮಸ್ಯೆ ಬಂದಿರೋದು ಡಿಗ್ರಿಗಳಿಂದಲೂ ಅಲ್ಲ, ಆರು ತಿಂಗಳ ಆನ್‌ಲೈನ್ ಸರ್ಟಿಫಿಕೇಟುಗಳಿಂದ. ದೊಡ್ಡ ದೊಡ್ಡ ಸಂಸ್ಥೆಗಳು ಎಡ್‌ಟೆಕ್ ಕಂಪನಿಗಳ ಜೊತೆ ಸೇರಿ ಮಾರುತ್ತಿವೆ. ಪ್ರವೇಶ ಪರೀಕ್ಷೆ ಇಲ್ಲ, ದುಡ್ಡು ಕಟ್ಟಿದರೆ ಆಯ್ತು. ಲಿಂಕ್ಡ್‌ಇನ್‌ನಲ್ಲಿ ಮಾತ್ರ ಸಂಸ್ಥೆಯ ಹೆಸರು ದಪ್ಪಗೆ. ಕಲಿಯೋದು ತಪ್ಪಲ್ಲ, ನಾನೂ ಅಂಥದೊಂದು ಡೇಟಾ ಕೋರ್ಸು ಮಾಡಿದ್ದೇನೆ, ಉಪಯೋಗವೂ ಆಗಿದೆ. ಆದರೆ ನನ್ನನ್ನು ಆ ಸಂಸ್ಥೆಯ "ಹಳೆ ವಿದ್ಯಾರ್ಥಿ" ಅಂತ ಯಾರಾದರೂ ಕರೆದರೆ ನನಗೇ ನಗು ಬರುತ್ತೆ.

ಸೇರಬೇಕು ಅಂದುಕೊಂಡಿರುವ ಓದುಗರಿಗೆ ನನ್ನ ಅನುಭವದಿಂದ ಒಂದಷ್ಟು: ಮಾಹಿತಿ ಪುಸ್ತಕದ ಫೋಟೋಗಳನ್ನು ಬಿಡಿ, ಕಚೇರಿಗೆ ಹೋಗಿ ಕೇಳಿ. ವೀಕೆಂಡ್ ಬ್ಯಾಚಿಗೆ ಪಾಠ ಮಾಡುವವರು ಕಾಯಂ ಪ್ರೊಫೆಸರುಗಳೋ, ಹೊರಗಿನಿಂದ ಬರುವ ಅತಿಥಿಗಳೋ? ಪ್ರಶ್ನೆಪತ್ರಿಕೆ ಎರಡೂ ಬ್ಯಾಚಿಗೆ ಒಂದೇನಾ? ಸಿಗೋದು ಪದವಿಯೋ, ಡಿಪ್ಲೊಮಾನೋ, ಸರ್ಟಿಫಿಕೇಟೋ? (ಐಐಎಂಗಳಲ್ಲೇ 2017ರ ಕಾಯ್ದೆ ಬರೋವರೆಗೂ ಕೊಡುತ್ತಿದ್ದದ್ದು ಡಿಪ್ಲೊಮಾ ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ.) ಪ್ಲೇಸ್‌ಮೆಂಟ್ ಕಚೇರಿಯ ಬಾಗಿಲು ನಿಮಗೆ ತೆರೆದಿದೆಯಾ? ನಾನು ಸೇರುವಾಗ "ಕೆರಿಯರ್ ಸಪೋರ್ಟ್ ಇದೆ" ಅಂದರು. ಆಮೇಲೆ ನೋಡಿದರೆ ಅದು ವರ್ಷಕ್ಕೊಂದು ರೆಸ್ಯೂಮೆ ಕಾರ್ಯಾಗಾರ. ಫುಲ್‌ಟೈಮ್ ಸೇರುವ ಮಕ್ಕಳ ಅಪ್ಪ ಅಮ್ಮಂದಿರೂ ಕೇಳಲಿ: ಇಷ್ಟು ಪ್ರೊಫೆಸರುಗಳು ಒಟ್ಟು ಎಷ್ಟು ಬ್ಯಾಚಿಗೆ ಪಾಠ ಮಾಡುತ್ತಾರೆ? ಸಾಲ ತೆಗೆಯುವುದು ನೀವು.

ಇದಿಷ್ಟೂ ಯೋಚನೆಯಲ್ಲೇ ಉಳಿಯುತ್ತಿತ್ತೇನೋ. ಹೋದ ತಿಂಗಳು ತಮ್ಮ ವಾಟ್ಸಾಪಿನಲ್ಲಿ ಒಂದು ಸುತ್ತೋಲೆ ಕಳಿಸಿದ. ಮುಂದಿನ ವರ್ಷದಿಂದ ವೀಕೆಂಡ್ ಬ್ಯಾಚು 60ರಿಂದ 120 ಸೀಟಿಗೆ. ಪ್ರವೇಶ ಪರೀಕ್ಷೆ ರದ್ದು, ಐದು ವರ್ಷದ ಅನುಭವ ಮತ್ತು ಸಂದರ್ಶನ ಸಾಕು. ಹೊಸ ಪ್ರೊಫೆಸರುಗಳ ನೇಮಕದ ಬಗ್ಗೆ ಒಂದಕ್ಷರ ಇಲ್ಲ. ಕೆಳಗೆ ತಮ್ಮನ ಒಂದೇ ಸಾಲು: "ಈಗ ಹೇಳಣ್ಣ."

ಅವತ್ತು ರಾತ್ರಿ ಫೋನಿನಲ್ಲಿ ಇಬ್ಬರೂ ಕೂತು ಡೈರೆಕ್ಟರಿಗೆ ಪತ್ರ ಬರೆಯೋದು ಅಂತಾಯ್ತು. ಮೂರು ಮಾತು ಇರಲಿ ಅಂದ ಅವನು. ಪರೀಕ್ಷೆ ಉಳಿಸಿ, ಅದನ್ನು ಇನ್ನೂ ಗಟ್ಟಿ ಮಾಡಿ. ಪ್ರಾಜೆಕ್ಟ್ ಗೈಡುಗಳಿಗೆ ವಾರಕ್ಕೆ ಇಷ್ಟು ಗಂಟೆ ಅಂತ ನಿಗದಿ ಮಾಡಿ. ಮೂರನೆಯದು, ಪದವಿ ಪ್ರಮಾಣಪತ್ರದಲ್ಲಿ "ವಾರಾಂತ್ಯದ ಕೋರ್ಸು" ಅಂತ ನಮೂದಿಸಿ.

ಮೂರನೆಯದಕ್ಕೆ ನಾನು ಒಪ್ಪಲಿಲ್ಲ. "ನನ್ನ ಕೈಯಲ್ಲೇ ನನ್ನ ಹಣೆ ಮೇಲೆ ಬರೆಸ್ತೀಯೇನೋ?" ಅಂದೆ. "ನಾಚಿಕೆ ಪಡೋಂಥದ್ದೇನಿದೆ ಅಣ್ಣ ಅದ್ರಲ್ಲಿ, ನೀನೇ ಹೇಳ್ತೀಯಲ್ಲ?" ಅಂದ. ನಾಲ್ಕು ದಿನ ಪತ್ರ ಅಲ್ಲೇ ನಿಂತಿತು. ಕೊನೆಗೆ ನಾನೇ ಫೋನ್ ಮಾಡಿ, ಮೊದಲ ಎರಡು ಆದರೆ ಮೂರನೆಯದು ಬೇಕಾಗಲ್ಲ, ಮೊದಲೆರಡು ಆಗದಿದ್ದರೆ ಮೂರನೆಯದನ್ನು ನಾನೇ ಬರೆದುಕೊಡ್ತೀನಿ ಅಂದೆ. ಒಪ್ಪಿದ. ನಮ್ಮ ಬ್ಯಾಚಿನಿಂದ 23 ಸಹಿ ಬಂದವು, ಅವರ ಕಡೆಯಿಂದ 71. ನನ್ನ ಪಾಲಿನ ಸ್ಲೈಡು ಮಾಡಿಕೊಟ್ಟ ಹುಡುಗಿಯ ಸಹಿ ನನ್ನ ಸಹಿಯ ಕೆಳಗೇ ಇದೆ. ಪೀಣ್ಯದವರು ಸಹಿ ಹಾಕಲಿಲ್ಲ. "ಪರೀಕ್ಷೆ ಗಟ್ಟಿ ಇದ್ದಿದ್ರೆ ನಾನು ಒಳಗೇ ಬರ್ತಿರಲಿಲ್ಲ ಗುರು" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಇವತ್ತಿಗೂ ಇಲ್ಲ.

ಪತ್ರ ಕೊಟ್ಟು ಹದಿನೆಂಟು ದಿನ ಆಯಿತು. ಡೈರೆಕ್ಟರ್ ಕಚೇರಿಯಿಂದ "ತಲುಪಿದೆ" ಅಂತ ಒಂದು ಇಮೇಲ್ ಬಂದಿದೆ. ಈ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಎರಡೂ ಬ್ಯಾಚು ಸೇರಿ ಫೈನಾನ್ಸ್ ಕ್ಲಾಸು. ಕೇಸು 24 ಪುಟ ಇದೆ, ನಾನಿನ್ನೂ ಆರನೇ ಪುಟದಲ್ಲಿದ್ದೇನೆ.